ಮೋಷನ್ ಸೆನ್ಸರ್: ಯಾವುದು ಎಂಬುದಕ್ಕಿಂತ ಎಲ್ಲಿ ಎಂಬುದೇ ಮುಖ್ಯ

ಮೋಲ್ಡ್ ಹಾಕುವ ಹಿಂದಿನ ವಾರ ಎಲೆಕ್ಟ್ರಿಷಿಯನ್ ಕೇಳುವ ಒಂದು ಪ್ರಶ್ನೆಗೆ ಹೆಚ್ಚಿನ ಮನೆ ಮಾಲೀಕರ ಬಳಿ ಉತ್ತರ ಇರುವುದಿಲ್ಲ. ಫ್ಯಾನ್ ಎಲ್ಲಿ, ಏಸಿ ಎಲ್ಲಿ, ಗೀಸರ್ ಎಲ್ಲಿ ಎಂದರೆ ಥಟ್ಟನೆ ಹೇಳುತ್ತಾರೆ. ‘ಅಲಾರಂ ಪಾಯಿಂಟ್ ಎಲ್ಲೆಲ್ಲಿ ಬಿಡಲಿ ಸಾರ್?’ ಎಂದರೆ, ‘ಪ್ರತಿ ರೂಮಿನ ಮೂಲೆಗೂ ಒಂದೊಂದು ಪೈಪ್ ಬಿಟ್ಟಿರಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಆಮೇಲೆ ನೋಡುವುದು ಸೆನ್ಸರಿನ ಕಂಪನಿ, ಬೆಲೆ ಮತ್ತು ಡಬ್ಬಿಯ ಮೇಲೆ ಅಚ್ಚಾದ ಮೀಟರ್ ಲೆಕ್ಕ.

ಡಬ್ಬಿಯ ಮೇಲೆ ಸಾಮಾನ್ಯವಾಗಿ 12 ಮೀಟರ್ ಎಂದೋ 15 ಮೀಟರ್ ಎಂದೋ ಇರುತ್ತದೆ. 30–40 ಸೈಟು ಎಂದರೆ ಒಟ್ಟು ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಅದರಲ್ಲಿ ಕಟ್ಟಿದ ಮನೆಯ ಅತಿ ದೊಡ್ಡ ಹಾಲ್ ಕೂಡ ಆರೇಳು ಮೀಟರ್ ದಾಟುವುದಿಲ್ಲ. ಹೀಗಾಗಿ ಮಾರುಕಟ್ಟೆಯ ಅತಿ ಅಗ್ಗದ ಸೆನ್ಸರಿನ ದೂರವೂ ನಮ್ಮ ರೂಮುಗಳಿಗೆ ಸಾಕು. ಸೋಲು ಗೆಲುವು ನಿರ್ಧಾರವಾಗುವುದು ಅದು ಯಾವ ಗೋಡೆಯಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಕಡೆಗೆ ಮುಖ ಮಾಡಿ ಕೂತಿದೆ ಎಂಬುದರಲ್ಲಿ. ಜಾಗ ತಪ್ಪಿದ ಸೆನ್ಸರ್ ಕಳ್ಳ ಬಂದಾಗ ಸುಮ್ಮನಿರುತ್ತದೆ, ಇಲ್ಲವೇ ಕಳ್ಳನಿಲ್ಲದಾಗ ಕೂಗುತ್ತದೆ. ಇವೆರಡರಲ್ಲಿ ಹುಸಿಕೂಗೇ ಹೆಚ್ಚು ಅಪಾಯದ್ದು. ಸರಿರಾತ್ರಿ ನಾಲ್ಕಾರು ಸಲ ಕಾರಣವಿಲ್ಲದೆ ಎಬ್ಬಿಸಿದ ಅಲಾರಂ ಅನ್ನು ಮನೆಯವರೇ ಆರಿಸಿ ಮಲಗುತ್ತಾರೆ. ಆಮೇಲೆ ಅದು ಗೋಡೆಯ ಅಲಂಕಾರ ಮಾತ್ರ.

ಬಾಗಿಲಿನಿಂದ ಕೋಣೆಯೊಳಕ್ಕೆ

ಕಳ್ಳ ಅಲಾರಂ ಶುರುವಾದದ್ದು ಬಾಗಿಲಿನಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸಿನ ಅಗಸ್ಟಸ್ ರಸೆಲ್ ಪೋಪ್ 1853ರಲ್ಲಿ ಬಾಗಿಲು ಕಿಟಕಿಗಳಿಗೆ ವಿದ್ಯುತ್ ಸಂಪರ್ಕ ಜೋಡಿಸಿ ಗಂಟೆ ಹೊಡೆಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಕೆಲವೇ ವರ್ಷಗಳಲ್ಲಿ ಆ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಅದನ್ನು ವ್ಯಾಪಾರವಾಗಿ ಬೆಳೆಸಿದರು. ಬಾಗಿಲಿನ ಅಂಚಿನಲ್ಲಿ ಇಂದು ಕಾಣುವ ಅಯಸ್ಕಾಂತದ ಕಾಂಟ್ಯಾಕ್ಟ್ ಅದೇ ವಂಶದ್ದು. ಬಾಗಿಲು ತೆರೆದರೆ ಅದಕ್ಕೆ ಗೊತ್ತಾಗುತ್ತದೆ. ಗೋಡೆ ಕೊರೆದು ಬಂದವನು, ಮನೆಯೊಳಗೇ ಅಡಗಿದ್ದವನು ಗೊತ್ತಾಗುವುದಿಲ್ಲ. ಆ ಕೊರತೆ ತುಂಬಲು ಕೋಣೆಯ ಜಾಗವನ್ನೇ ಕಾಯುವ ಸಾಧನಗಳು ಬಂದವು. 1950ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಬ್ಯಾಗ್ನೊ ರೂಪಿಸಿದ ಅಲ್ಟ್ರಾಸಾನಿಕ್ ಅಲಾರಂ ಕಿವಿಗೆ ಕೇಳದ ಶಬ್ದವನ್ನು ಕೋಣೆ ತುಂಬ ಹರಡಿ, ಚಲಿಸುವ ಮೈಯಿಂದ ಮರಳಿದ ಶಬ್ದದ ಆವರ್ತನ ಬದಲಾದದ್ದನ್ನು ಹಿಡಿಯುತ್ತಿತ್ತು. ಗಾಳಿ ಬೀಸಿದರೂ ಗಲಿಬಿಲಿಗೊಳ್ಳುವ ಆ ಬಗೆ ಮನೆಗಳಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಅದರ ಜಾಗಕ್ಕೆ ಬಂದದ್ದು ಪಿಐಆರ್, ಅಂದರೆ ತಾನೇನೂ ಹೊರಸೂಸದೆ ಮೈಶಾಖವನ್ನಷ್ಟೇ ಗಮನಿಸುವ ಅವಕೆಂಪು ಸೆನ್ಸರ್. ಇಂದು ಮನೆಗಳಲ್ಲಿ ಮೋಷನ್ ಸೆನ್ಸರ್ ಎಂದರೆ ಬಹುಮಟ್ಟಿಗೆ ಇದೇ.

ಅದಕ್ಕೆ ಕಾಣುವುದೇನು?

ಮನುಷ್ಯನ ಮೈ ಹೊರಸೂಸುವ ಶಾಖಕಿರಣ 9–10 ಮೈಕ್ರೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಅತಿ ಪ್ರಬಲವಾಗಿರುತ್ತದೆ. ಸೆನ್ಸರಿನ ಒಳಗೆ ಆ ಕಿರಣಕ್ಕೆ ಸ್ಪಂದಿಸುವ ಪುಟ್ಟ ಸ್ಫಟಿಕದ ಎರಡು ತುಣುಕುಗಳು ಪಕ್ಕಪಕ್ಕದಲ್ಲಿವೆ. ಒಂದರ ಸಂಕೇತ ಧನ, ಇನ್ನೊಂದರದು ಋಣ. ಇಡೀ ಕೋಣೆ ನಿಧಾನವಾಗಿ ಬಿಸಿಯಾದರೆ ಎರಡಕ್ಕೂ ಒಂದೇ ಶಾಖ ತಾಗಿ ಸಂಕೇತಗಳು ಪರಸ್ಪರ ಅಳಿಸಿಹೋಗುತ್ತವೆ. ಯಾರಾದರೂ ಅಡ್ಡ ಹಾಯ್ದರೆ ಮೊದಲು ಒಂದು ತುಣುಕಿಗೆ, ಮರುಕ್ಷಣ ಇನ್ನೊಂದಕ್ಕೆ ಶಾಖ ಬಿದ್ದು ಸಂಕೇತ ಏರಿ ಇಳಿಯುತ್ತದೆ. ಸೆನ್ಸರ್ ಹುಡುಕುವುದು ಈ ಏರಿಳಿತವನ್ನು. ಮುಂಭಾಗದ ಹಾಲುಬಿಳುಪಿನ ಪ್ಲಾಸ್ಟಿಕ್ ಹಾಳೆಯೇ ಲೆನ್ಸು. ಅದರ ಒಂದೊಂದು ಚೌಕವೂ ಕೋಣೆಯ ಒಂದೊಂದು ತುಂಡನ್ನು ಸ್ಫಟಿಕದ ಮೇಲೆ ಕೇಂದ್ರೀಕರಿಸುತ್ತದೆ. ಹೀಗೆ ಕೋಣೆ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿದ ಹತ್ತಾರು ಪಟ್ಟಿಗಳಾಗಿ ಒಡೆಯುತ್ತದೆ. ಪಟ್ಟಿಗಳ ನಡುವೆ ಏನೂ ಕಾಣದ ಸಂದುಗಳಿರುತ್ತವೆ.

ಜಾಗದ ನಿಯಮಗಳೆಲ್ಲ ಹುಟ್ಟುವುದು ಇದರಿಂದಲೇ. ಪಟ್ಟಿಗಳನ್ನು ಅಡ್ಡ ದಾಟುವವನು ಬೇಗ ಸಿಕ್ಕಿಬೀಳುತ್ತಾನೆ. ಒಂದೇ ಪಟ್ಟಿಯೊಳಗೆ ನೇರವಾಗಿ ಸೆನ್ಸರಿನತ್ತ ನಡೆದು ಬರುವವನು ತಡವಾಗಿ ಸಿಗುತ್ತಾನೆ. ಮಾಮೂಲಿ ಕಿಟಕಿ ಗಾಜು ಈ ತರಂಗಾಂತರವನ್ನು ಹಾಯಗೊಡುವುದಿಲ್ಲ, ಆದ್ದರಿಂದ ಗಾಜಿನ ಆಚೆ ಇರುವವನು ಪಿಐಆರ್‌ಗೆ ಕಾಣುವುದಿಲ್ಲ. ಆದರೆ ಗಾಜಿನ ಮೂಲಕ ಬಂದ ಬಿಸಿಲು ನೆಲದ ಟೈಲ್ಸನ್ನು ಕಾಯಿಸುತ್ತದೆ. ಮೋಡ ಸರಿದು ಆ ಬಿಸಿಲು ಬಂದು ಹೋಗಿ ಮಾಡಿದರೆ, ಪರದೆ ಅಲುಗಾಡಿ ಬಿಸಿಲಿನ ತುಂಡು ಸರಿದಾಡಿದರೆ, ಸೆನ್ಸರಿನ ಮಟ್ಟಿಗೆ ಬೆಚ್ಚಗಿನ ಏನೋ ಓಡಾಡಿದ ಹಾಗೆಯೇ.

ಹೊಸ್ತಿಲಲ್ಲೋ, ಒಳಗೋ?

ಅಲಾರಂ ಹಾಕುವವರಲ್ಲಿ ಎರಡು ಪಂಗಡಗಳಿವೆ. ಮೊದಲ ಪಂಗಡದ ಪ್ರಕಾರ ಮನೆಯ ಅಂಚನ್ನೇ ಕಾಯಬೇಕು: ಪ್ರತಿ ಬಾಗಿಲಿಗೆ ಕಾಂಟ್ಯಾಕ್ಟ್, ಗಾಜಿಗೆ ಗಾಜೊಡೆತ ಹಿಡಿಯುವ ಸೆನ್ಸರ್. ಮೋಷನ್ ಸೆನ್ಸರ್ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಕಳ್ಳ ಆಗಲೇ ಒಳಗಿರುತ್ತಾನೆ. ಅದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂಬುದು ಇವರ ವಾದ. ಎರಡನೆಯ ಪಂಗಡದ್ದು ಬಲೆಯ ವಾದ. ಕಳ್ಳ ಎಲ್ಲಿಂದ ಬಂದರೂ ಒಳಗೆ ಕೆಲವು ಜಾಗಗಳನ್ನು ದಾಟಲೇಬೇಕು. ಹತ್ತು ಕಿಟಕಿಗಳನ್ನು ಕಾಯುವ ಬದಲು ಆ ಕೆಲವು ಜಾಗಗಳನ್ನು ಕಾದರೆ ಖರ್ಚೂ ಕಡಿಮೆ, ಕೆಡುವ ಭಾಗಗಳೂ ಕಡಿಮೆ.

ಪಾಶ್ಚಾತ್ಯ ಕೈಪಿಡಿಗಳಲ್ಲಿ ಈ ಚರ್ಚೆ ನೆಲಮಹಡಿಯ ಕಿಟಕಿಯ ಸುತ್ತ ಸುತ್ತುತ್ತದೆ. ನಮ್ಮಲ್ಲಿ ಕಿಟಕಿಗೆ ಕಬ್ಬಿಣದ ಸರಳು ಇದೆ. ಹಾಗಾಗಿ ಕಳ್ಳನ ದಾರಿ ಬೇರೆ: ಬೀಗ ಹಾಕಿದ ಮುಂಬಾಗಿಲನ್ನು ಮೀಟುವುದು, ಅಡುಗೆಮನೆಯ ಹಿಂದಿನ ಯುಟಿಲಿಟಿ ಬಾಗಿಲು, ಮೊದಲ ಮಹಡಿಯ ಬಾಲ್ಕನಿ, ಪಕ್ಕದ ಮನೆಯ ತಾರಸಿಯಿಂದ ದಾಟಿ ನಮ್ಮ ತಾರಸಿಯ ಬಾಗಿಲು. ಬೆಂಗಳೂರಿನ ಒತ್ತೊತ್ತಾದ ಬಡಾವಣೆಗಳಲ್ಲಿ ಕೊನೆಯ ದಾರಿಯೇ ಸುಲಭ, ಏಕೆಂದರೆ ಮೆಟ್ಟಿಲ ಮೇಲಿನ ಆ ಬಾಗಿಲಿಗೆ ಮುಂಬಾಗಿಲಿನಷ್ಟು ಗಟ್ಟಿ ಮರವನ್ನೂ ಬೀಗವನ್ನೂ ಯಾರೂ ಹಾಕಿಸುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನ ಹಂಚಿನ ಮನೆಗಳ ಕಥೆಯೇ ಬೇರೆ. ಅಲ್ಲಿನ ಪತ್ರಿಕೆಗಳ ಓದುಗರಿಗೆ ‘ಹಂಚು ತೆಗೆದು ಒಳನುಗ್ಗಿದ ಕಳ್ಳರು’ ಎಂಬ ಸಾಲು ಚಿರಪರಿಚಿತ. ಮಾಡಿನಿಂದ ಇಳಿದವನಿಗೆ ಬಾಗಿಲಿನ ಕಾಂಟ್ಯಾಕ್ಟುಗಳ ಗೊಡವೆಯೇ ಇಲ್ಲ. ಅಲ್ಲಿ ಬಲೆಯ ವಾದ ಪೂರ್ತಿ ಗೆಲ್ಲುತ್ತದೆ. ಸಿಮೆಂಟಿನ ತಾರಸಿ ಮನೆಯಲ್ಲಿ ಮಾತ್ರ ಎರಡೂ ಬೇಕು: ಹೊರಬಾಗಿಲುಗಳಿಗೆ ಕಾಂಟ್ಯಾಕ್ಟ್, ಒಳಗೆ ಕೆಲವೇ ಮೋಷನ್ ಸೆನ್ಸರ್. ಮನೆಯವರು ಮಲಗಿರುವಾಗ ಕಾಂಟ್ಯಾಕ್ಟುಗಳು ದುಡಿಯಬೇಕು. ನೀರು ಕುಡಿಯಲು, ಬಾತ್‌ರೂಮಿಗೆ ಏಳುವ ಹಿರಿಯರಿರುವ ಮನೆಯಲ್ಲಿ ಒಳಗಿನ ಸೆನ್ಸರುಗಳನ್ನು ರಾತ್ರಿ ಆರಿಸಿಡಬೇಕಾಗುತ್ತದೆ. ಎಲ್ಲರೂ ಊರಿಗೆ ಹೋದಾಗ ಬಲೆಯೂ ಹರಡಿರುತ್ತದೆ.

ಎತ್ತರ, ಮೂಲೆ, ದಿಕ್ಕು

ಗೋಡೆಗೆ ಹಾಕುವ ಹೆಚ್ಚಿನ ಪಿಐಆರ್‌ಗಳನ್ನು 2.1ರಿಂದ 2.4 ಮೀಟರ್, ಅಂದರೆ ಏಳೆಂಟು ಅಡಿ ಎತ್ತರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ನಮ್ಮ ಮನೆಗಳಲ್ಲಿ ಅದು ಬಾಗಿಲ ಲಿಂಟಲಿನ ಮಟ್ಟ ಅಥವಾ ಅದಕ್ಕಿಂತ ಒಂದು ಗೇಣು ಮೇಲೆ. ಆದರೆ ರೂಢಿಯಲ್ಲಿ ಪೈಪು ಹೊರಬರುವುದು ಹತ್ತಡಿ ಎತ್ತರದಲ್ಲಿ, ತಾರಸಿಗೆ ತಾಗಿ, ಸಿಸಿ ಕ್ಯಾಮೆರಾ ಪಾಯಿಂಟಿನ ಪಕ್ಕದಲ್ಲಿ. ಅಷ್ಟು ಮೇಲೆ ಕೂತ ಸೆನ್ಸರಿನ ಪಟ್ಟಿಗಳು ನೆಲ ಮುಟ್ಟುವ ಜಾಗ ದೂರ ಸರಿಯುತ್ತದೆ, ಅವುಗಳ ನಡುವಿನ ಸಂದು ಹಿಗ್ಗುತ್ತದೆ, ಕೆಳಗೆ ಗೋಡೆಗೆ ಅಂಟಿಕೊಂಡು ನಡೆಯಬಲ್ಲಷ್ಟು ಕುರುಡು ಜಾಗ ಉಳಿಯುತ್ತದೆ. ಮೋಲ್ಡಿಗೆ ಮುಂಚೆ ಹೇಳಬೇಕಾದ ಮೊದಲ ಮಾತು: ಪೈಪು ಗೋಡೆಯಲ್ಲಿ ಏಳೂವರೆ ಅಡಿಯವರೆಗೆ ಇಳಿದು ಬರಲಿ.

ಮೂಲೆ ಒಳ್ಳೆಯದು, ಆದರೆ ಯಾವ ಮೂಲೆ? ಸೆನ್ಸರಿನ ನೋಟ ಸುಮಾರು 90 ಡಿಗ್ರಿ ಅಗಲ. ಮೂಲೆಯಿಂದ ಇಡೀ ಕೋಣೆ ಅದಕ್ಕೆ ದಕ್ಕುತ್ತದೆ. ಬಾಗಿಲಿಗೆ ನೇರ ಎದುರಿನ ಗೋಡೆಯಲ್ಲಿ ಕೂರಿಸಿದರೆ ಬರುವವನು ಅದರತ್ತಲೇ ನಡೆಯುತ್ತಾನೆ. ಅದು ಅವನಿಗೆ ಅನುಕೂಲದ ದಿಕ್ಕು. ಬಾಗಿಲಿರುವ ಗೋಡೆಯ ಪಕ್ಕದ ಮೂಲೆಯಿಂದ ನೋಡಿದರೆ ಒಳಗಿಟ್ಟ ಮೊದಲ ಎರಡು ಹೆಜ್ಜೆಗಳೇ ಪಟ್ಟಿಗಳನ್ನು ಅಡ್ಡ ಕತ್ತರಿಸುತ್ತವೆ. ಕಿಟಕಿ ಸೆನ್ಸರಿನ ಬೆನ್ನಿಗೋ ಪಕ್ಕಕ್ಕೋ ಇರಲಿ, ಮುಖಕ್ಕೆ ಬೇಡ. ಬೀದಿಯಲ್ಲಿ ತಿರುಗುವ ಕಾರಿನ ಹೆಡ್‌ಲೈಟೂ ಆಗ ತೊಂದರೆ ಕೊಡದು. ಏಸಿಯ ಗಾಳಿ ಬೀಳುವ ಕಡೆ, ಫ್ರಿಜ್ಜಿನ ಬೆನ್ನಿನ ಬಿಸಿ, ಇನ್ವರ್ಟರ್ ಕೂತ ಮೂಲೆ ನೋಟದಿಂದ ಹೊರಗಿರಲಿ. ದೇವರಮನೆಯಲ್ಲಿ ನಂದಾದೀಪ ಉರಿಯುವ ಮನೆಗಳಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು: ಗಾಳಿಗೆ ಹೊಯ್ದಾಡುವ ಜ್ವಾಲೆ ಪಿಐಆರ್‌ಗೆ ಸಿಗುವ ಅತಿ ಸ್ಪಷ್ಟ ಚಲನೆಗಳಲ್ಲಿ ಒಂದು.

ಮೆಟ್ಟಿಲು ಎಲ್ಲಕ್ಕಿಂತ ಒಳ್ಳೆಯ ಬಲೆ. ತಾರಸಿಯಿಂದ ಇಳಿಯುವವನೂ ಕೆಳಗಿನಿಂದ ಮಲಗುವ ಕೋಣೆಗೆ ಹತ್ತುವವನೂ ಅದನ್ನು ದಾಟಲೇಬೇಕು. ಅಲ್ಲಿ ಪರದೆಯಿಲ್ಲ, ಫ್ಯಾನಿಲ್ಲ, ಹೆಚ್ಚಿನ ಮನೆಗಳಲ್ಲಿ ಬಿಸಿಲೂ ಇಲ್ಲ. ಮೆಟ್ಟಿಲನ್ನು ಉದ್ದಕ್ಕೆ ನೋಡುವಂತೆ ಕೂರಿಸದೆ, ನಡುವಿನ ಲ್ಯಾಂಡಿಂಗನ್ನು ಅಡ್ಡ ನೋಡುವಂತೆ ಕೂರಿಸಬೇಕು. ಹಳೆಯ ತೊಟ್ಟಿಮನೆಗಳಲ್ಲಿ ಬಯಲಿಗೆ ತೆರೆದ ತೊಟ್ಟಿಯನ್ನು ನೋಡುವ ಸೆನ್ಸರ್ ಬೇಡವೇ ಬೇಡ. ಬಿಸಿಲು, ಮಳೆ, ಗುಬ್ಬಿ, ಬೆಕ್ಕು ಎಲ್ಲವೂ ಅಲ್ಲಿ ಇಳಿಯುತ್ತವೆ. ಅಂಥ ಕಡೆ ತೆಳುವಾದ ಒಂದೇ ಗೋಡೆಯಂಥ ನೋಟವಿರುವ ಕರ್ಟನ್ ಸೆನ್ಸರನ್ನು ತೊಟ್ಟಿಯಿಂದ ಕೋಣೆಗಳಿಗೆ ಹೋಗುವ ಪಡಸಾಲೆಗೆ ಅಡ್ಡಲಾಗಿ ಹಾಕುವುದು ಲೇಸು.

ಬೇಸಿಗೆಯ ಪರೀಕ್ಷೆ

ಪಿಐಆರ್ ನೋಡುವುದು ಮೈಗೂ ಹಿಂದಿನ ಗೋಡೆಗೂ ಇರುವ ಶಾಖದ ವ್ಯತ್ಯಾಸವನ್ನು. ಬಟ್ಟೆ ಮತ್ತು ಚರ್ಮದ ಹೊರಮೈ ಸಾಮಾನ್ಯವಾಗಿ 30ರಿಂದ 35 ಡಿಗ್ರಿ ಸೆಲ್ಸಿಯಸ್. ಡಿಸೆಂಬರಿನ ಮಡಿಕೇರಿಯಲ್ಲಿ ವ್ಯತ್ಯಾಸ ಧಾರಾಳ. ಮೇ ತಿಂಗಳ ಕಲಬುರಗಿ, ರಾಯಚೂರುಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ, ನಾಲ್ಕು ದಿನ ಬೀಗ ಹಾಕಿದ ಮನೆಯೊಳಗೆ ಸಿಮೆಂಟಿನ ತಾರಸಿ ಹಗಲೆಲ್ಲ ಹೀರಿದ ಬಿಸಿಯನ್ನು ಸಂಜೆ ಕೆಳಗೆ ಬಿಡುತ್ತಿರುವಾಗ, ಗೋಡೆಯೂ ಮನುಷ್ಯನೂ ಒಂದೇ ಶಾಖದಲ್ಲಿ ಬಂದು ನಿಲ್ಲುವ ಹೊತ್ತು ಇರುತ್ತದೆ. ಆಗ ಸೆನ್ಸರಿಗೆ ಕಾಣಲು ಏನೂ ಉಳಿಯುವುದಿಲ್ಲ. ಗೋಡೆ ಇನ್ನೂ ಬಿಸಿಯಾದರೆ ಮನುಷ್ಯ ತಣ್ಣನೆಯ ಮಚ್ಚೆಯಾಗಿ ಮತ್ತೆ ಕಾಣತೊಡಗುತ್ತಾನೆ. ಆದ್ದರಿಂದ ಕುರುಡು ಹೊತ್ತು ಕಿರಿದು, ಆದರೆ ಇಲ್ಲವೆನ್ನುವಂತಿಲ್ಲ.

ಒಳ್ಳೆಯ ಸೆನ್ಸರುಗಳಲ್ಲಿ ತಾಪಮಾನಕ್ಕೆ ತಕ್ಕಂತೆ ಸೂಕ್ಷ್ಮತೆಯನ್ನು ಏರಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಅದಿಲ್ಲದ ಸೆನ್ಸರನ್ನು ಕೊಳ್ಳಲೇಬಾರದು. ಆದರೂ ಈ ವ್ಯವಸ್ಥೆ ಇರುವ ಸಂಕೇತವನ್ನು ದೊಡ್ಡದು ಮಾಡುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಬಿಸಿಲೂರಿನ ಮನೆಗೆ ನಿಜವಾದ ಭದ್ರತೆ ಎಂದರೆ ಬಾಗಿಲಿನ ಕಾಂಟ್ಯಾಕ್ಟ್, ಅದಕ್ಕೆ ಬೇಸಿಗೆಯಿಲ್ಲ. ಸೆನ್ಸರನ್ನು ಮೇಲಿನ ಮಹಡಿಗಿಂತ ಕೆಳಗಿನ ತಂಪಾದ ಕೋಣೆಯಲ್ಲಿ ಹಾಕುವುದೂ ಅಷ್ಟೇ ಜಾಣತನ.

ಎರಡು ಕಣ್ಣಿನ ಸೆನ್ಸರ್

ಹುಸಿಕೂಗಿಗೆ ಅಂಗಡಿಯವರು ಕೊಡುವ ಮದ್ದು ‘ಡ್ಯುಯಲ್ ಟೆಕ್’. ಒಂದೇ ಡಬ್ಬಿಯಲ್ಲಿ ಪಿಐಆರ್ ಜೊತೆ ಮೈಕ್ರೊವೇವ್ ರೇಡಾರ್ ಇರುತ್ತದೆ; ಎರಡೂ ಒಪ್ಪಿದರೆ ಮಾತ್ರ ಕೂಗು. ಮೈಕ್ರೊವೇವ್ ಅಲೆ ಚಲಿಸುವ ಮೈಗೆ ತಾಗಿ ಮರಳುವಾಗ ಅದರ ಆವರ್ತನ ಬದಲಾಗುತ್ತದೆ. ಹಲವು ಸೆನ್ಸರುಗಳು ಬಳಸುವ 10.525 ಗಿಗಾಹರ್ಟ್ಸಿನಲ್ಲಿ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಎದುರು ನಡೆದು ಬರುವವನಿಂದ ಸುಮಾರು 70 ಹರ್ಟ್ಸ್ ವ್ಯತ್ಯಾಸ ಹುಟ್ಟುತ್ತದೆ. ಎದುರು ಬರುವವನು ಇದಕ್ಕೆ ಚೆನ್ನಾಗಿ ಕಾಣುತ್ತಾನೆ, ಅಡ್ಡ ಹೋಗುವವನು ಮಂಕಾಗಿ. ಪಿಐಆರ್‌ನದು ಇದಕ್ಕೆ ತದ್ವಿರುದ್ಧ. ಹಾಗಾಗಿ ಡ್ಯುಯಲ್ ಸೆನ್ಸರನ್ನು ಓರೆಯಾಗಿ ದಾಟುವ ದಾರಿಗೆ ಮುಖ ಮಾಡಿ ಕೂರಿಸಿದರೆ ಎರಡಕ್ಕೂ ಪಾಲು ಸಿಗುತ್ತದೆ.

ಈ ಜೋಡಿಯ ಮಿತಿಗಳು ನಮ್ಮ ಮನೆಗಳಲ್ಲಿ ಬೇಗ ಬಯಲಾಗುತ್ತವೆ. ಮೈಕ್ರೊವೇವ್ ಗಾಜು, ಪ್ಲೈವುಡ್, ತೆಳು ಗೋಡೆಗಳನ್ನು ದಾಟುತ್ತದೆ. ಮೂರಡಿ ಸಂದಿಯಾಚೆ ಪಕ್ಕದ ಮನೆಯವರು ಓಡಾಡಿದರೂ, ಗೋಡೆಯೊಳಗಿನ ಪಿವಿಸಿ ಪೈಪಿನಲ್ಲಿ ನೀರು ಇಳಿದರೂ ಅದಕ್ಕೆ ಚಲನೆಯೇ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಅನಿಲ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ನಡಿಗೆಯ ಸಂಕೇತಕ್ಕೆ ಅದು ತೀರ ಹತ್ತಿರ. ಇನ್ನು ಮರೆತು ಬಿಟ್ಟುಹೋದ ಸೀಲಿಂಗ್ ಫ್ಯಾನ್. ಅದರ ರೆಕ್ಕೆ ಕೋಣೆಯಷ್ಟೇ ಬಿಸಿ, ಹಾಗಾಗಿ ಪಿಐಆರ್ ಅದನ್ನು ಗಣಿಸುವುದಿಲ್ಲ. ಆದರೆ ಮೈಕ್ರೊವೇವಿಗೆ ಅದು ನಿಲ್ಲದ ಚಲನೆ. ಮೈಕ್ರೊವೇವ್ ಭಾಗ ಸದಾ ‘ಹೌದು’ ಎನ್ನತೊಡಗಿದರೆ ಡ್ಯುಯಲ್ ಸೆನ್ಸರ್ ಬರೀ ಪಿಐಆರ್ ಆಗಿ ಉಳಿಯುತ್ತದೆ. ಕೊಟ್ಟ ಹೆಚ್ಚಿನ ಹಣ ಅಲ್ಲಿಗೆ ವ್ಯರ್ಥ. ಇನ್ನೊಂದು ತುದಿಯಲ್ಲಿ, ಬಿಸಿಲೂರಿನ ಮನೆಯಲ್ಲಿ ಪಿಐಆರ್ ಕುರುಡಾದ ಹೊತ್ತಿನಲ್ಲಿ ಮೈಕ್ರೊವೇವ್ ಒಂದೇ ‘ಹೌದು’ ಎಂದರೂ ಅಲಾರಂ ಕೂಗುವುದಿಲ್ಲ. ಬಿಸಿಲು ಬಿದ್ದೇ ಬೀಳುವ ಹಾಲ್, ಗಾಳಿಯಾಡುವ ಹಂಚಿನ ಜಗಲಿಯಂಥ ಕಷ್ಟದ ಜಾಗಕ್ಕೆ ಡ್ಯುಯಲ್ ಸರಿ. ಅದರ ದೂರದ ತಿರುಪನ್ನು ಕೋಣೆಯ ಅಳತೆಗೆ ಇಳಿಸಿಡಬೇಕು. ಕತ್ತಲೆಯ ಮೆಟ್ಟಿಲಿಗೆ ಸಾದಾ ಪಿಐಆರ್ ಸಾಕು.

ಹಲ್ಲಿ, ಬೆಕ್ಕು, ಇರುವೆ

‘ಪೆಟ್ ಇಮ್ಯೂನ್’ ಎಂಬ ಸೆನ್ಸರುಗಳ ಮೇಲೆ 25 ಕೆ.ಜಿ., 36 ಕೆ.ಜಿ. ಎಂದೆಲ್ಲ ಬರೆದಿರುತ್ತದೆ. ಸೆನ್ಸರ್ ಯಾರನ್ನೂ ತೂಗುವುದಿಲ್ಲ. ನೆಲದ ಹತ್ತಿರದ ಪಟ್ಟಿಗಳನ್ನು ತೆಗೆದು ಅಥವಾ ಚಿಕ್ಕ ಸಂಕೇತಗಳನ್ನು ಲೆಕ್ಕಕ್ಕೆ ಹಿಡಿಯದೆ ಅದು ನಾಯಿಯನ್ನು ಬಿಟ್ಟುಕೊಡುತ್ತದೆ. ಬೆಕ್ಕು ಸೋಫಾ ಹತ್ತಿ, ಅಲ್ಲಿಂದ ಶೋಕೇಸ್ ಹತ್ತಿದರೆ ಆ ಲೆಕ್ಕ ತಪ್ಪುತ್ತದೆ. ತೆವಳಿ ಬರುವ ಕಳ್ಳನಿಗೂ ಅದೇ ರಿಯಾಯಿತಿ ಸಿಗುತ್ತದೆ. ಸಾಕುಪ್ರಾಣಿ ಮನೆಯೊಳಗೆ ಇರುವವರು ಅದು ಓಡಾಡದ ಮೆಟ್ಟಿಲನ್ನೂ ಬಾಗಿಲು ಮುಚ್ಚಿದ ಕೋಣೆಯನ್ನೂ ಕಾಯುವುದು ಹೆಚ್ಚು ಭರವಸೆಯ ಹಾದಿ.

ನಮ್ಮ ಕಡೆ ನಿಜವಾದ ಉಪದ್ರವ ಹಲ್ಲಿ. ಲೆನ್ಸಿನ ಮೇಲೆಯೇ ಹರಿದಾಡುವ ಪುಟ್ಟ ಜೀವ ಅಷ್ಟು ಹತ್ತಿರದಿಂದ ಹಲವು ಪಟ್ಟಿಗಳನ್ನು ಒಟ್ಟಿಗೆ ಮುಚ್ಚಿ ತೆರೆಯುತ್ತದೆ. ರಾತ್ರಿ ದೀಪದ ಹುಳುಗಳನ್ನು ಅರಸಿ ಹಲ್ಲಿ ಬರುವುದರಿಂದ ಸೆನ್ಸರ್ ಟ್ಯೂಬ್‌ಲೈಟಿನ ಪಕ್ಕದಲ್ಲಿರಬಾರದು. ಗೋಡೆಯೊಳಗಿನ ಪೈಪು ಇರುವೆಗೂ ತಾರಸಿಯ ಬಿಸಿಗಾಳಿಗೂ ನೇರ ದಾರಿ. ಆ ಗಾಳಿ ಸ್ಫಟಿಕದ ಹಿಂದಿನಿಂದ ಬೀಸಿದರೂ ಹುಸಿಕೂಗು ಏಳುತ್ತದೆ. ವೈರ್ ಎಳೆದ ಮೇಲೆ ಪೈಪಿನ ಬಾಯನ್ನೂ ಡಬ್ಬಿಯ ಬೆನ್ನಿನ ತೂತನ್ನೂ ಸಿಲಿಕೋನಿನಿಂದ ಮುಚ್ಚಿಸುವುದು ಚಿಕ್ಕ ಕೆಲಸ, ದೊಡ್ಡ ಲಾಭ.

ವೈರಿನ ಮಾತು

ವೈರ್‌ಲೆಸ್ ಸೆನ್ಸರುಗಳು ಈಗ ಅಗ್ಗ, ಗೋಡೆ ಕೊರೆಯುವ ಕೆಲಸವಿಲ್ಲ. ಆದರೂ ಹೊಸ ಮನೆಗೆ ವೈರೇ ಮೇಲು: ಪ್ರತಿ ಸೆನ್ಸರಿನ ಬ್ಯಾಟರಿ ಬದಲಿಸುವ ತಾಪತ್ರಯವಿಲ್ಲ, ರೇಡಿಯೊ ಸಂಕೇತವನ್ನು ಯಾರೋ ಕೆಡಿಸುವ ಭಯವಿಲ್ಲ. ಒಂದು ಸೆನ್ಸರಿಗೆ ಸಾಮಾನ್ಯವಾಗಿ ಆರು ಎಳೆಗಳು: 12 ವೋಲ್ಟಿಗೆ ಎರಡು, ಅಲಾರಂ ಸಂಪರ್ಕಕ್ಕೆ ಎರಡು, ಮುಚ್ಚಳ ತೆಗೆದರೆ ತಿಳಿಸುವ ಟ್ಯಾಂಪರಿಗೆ ಎರಡು. ಸಂಪರ್ಕ ಸದಾ ಮುಚ್ಚಿರುತ್ತದೆ, ಆದ್ದರಿಂದ ವೈರ್ ಕತ್ತರಿಸಿದರೂ ಕೂಗು. ಆದರೆ ಎರಡು ಎಳೆಗಳನ್ನು ಸೇರಿಸಿಬಿಟ್ಟರೆ? ಅದಕ್ಕೇ ಸಾಲಿನ ಕೊನೆಯ ರೆಸಿಸ್ಟರ್. ಎರಡು ರೆಸಿಸ್ಟರುಗಳನ್ನು ಸೆನ್ಸರಿನ ಒಳಗೇ ಜೋಡಿಸಿದರೆ ಶಾಂತ, ಅಲಾರಂ, ಕತ್ತರಿಕೆ, ಶಾರ್ಟ್ ಎಂಬ ನಾಲ್ಕು ಸ್ಥಿತಿಗಳನ್ನು ಸೆನ್ಸರುಗಳ ವೈರೆಲ್ಲ ಸೇರುವ ಪ್ಯಾನೆಲ್ ಬೇರೆಬೇರೆಯಾಗಿ ಗುರುತಿಸುತ್ತದೆ. ಕೆಲಸ ಸುಲಭವೆಂದು ಅವನ್ನು ಪ್ಯಾನೆಲ್ಲಿನಲ್ಲೇ ಕೂರಿಸಿ ಹೋಗುವವರಿದ್ದಾರೆ. ಹಾಗೆ ಮಾಡಿದರೆ ನಡುವಿನ ವೈರಿಗೆ ಕಾವಲೇ ಇಲ್ಲ.

ಒಂದು ಸೆನ್ಸರಿಗೆ ಒಂದು ಜೋನ್, ಅಂದರೆ ಪ್ಯಾನೆಲ್ಲಿಗೆ ತನ್ನದೇ ಸಾಲು, ಎಂಬುದು ಮುರಿಯಬಾರದ ನಿಯಮ. ಮೂರನ್ನು ಒಂದೇ ಸಾಲಿಗೆ ಕಟ್ಟಿದರೆ ಹುಸಿಕೂಗು ಯಾವುದರದ್ದೆಂದು ಪ್ಯಾನೆಲ್ಲಿನ ದಾಖಲೆಯಲ್ಲಿ ತಿಳಿಯುವುದಿಲ್ಲ. ಕರೆಂಟಿನ ಪೈಪಿನಲ್ಲೇ ಅಲಾರಂ ವೈರ್ ಹಾಯಿಸಬಾರದು. ಕರೆಂಟ್ ಹೋದಾಗಿನ ಲೆಕ್ಕ ಹೀಗೆ: ಪ್ಯಾನೆಲ್ 100 ಮಿಲಿಆಂಪಿಯರ್, ತಲಾ 15ರಂತೆ ಆರು ಸೆನ್ಸರಿಗೆ 90, ಒಟ್ಟು 190. ಮಾಮೂಲಿ 7 ಆಂಪಿಯರ್-ಗಂಟೆಯ ಬ್ಯಾಟರಿ ಕಾಗದದ ಮೇಲೆ 36 ಗಂಟೆ ಬರಬೇಕು. ಹಳತಾದಂತೆ ಅದು ಕುಗ್ಗುತ್ತದೆ, ಸೈರನ್ ಕೂಗಿದರೆ ಇನ್ನೂ ಬೇಗ ಬರಿದಾಗುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮಲೆನಾಡಿನ ಮನೆಗೆ ದೊಡ್ಡ ಬ್ಯಾಟರಿಯೂ ಸಿಡಿಲಿಗೆ ಸರ್ಜ್ ರಕ್ಷಣೆಯೂ ಬೇಕು.

ನಂಬಿಕೆಯ ಲೆಕ್ಕ

ಯುರೋಪಿನ ಇಎನ್ 50131 ಮಾನದಂಡ ಅಲಾರಂ ಸಾಧನಗಳನ್ನು 1ರಿಂದ 4ರವರೆಗೆ ದರ್ಜೆಗಳಲ್ಲಿ ವಿಂಗಡಿಸುತ್ತದೆ. ಪೆಟ್ಟಿಗೆಯ ಮೇಲೆ ಗ್ರೇಡ್ 2 ಎಂದಿದ್ದರೆ ಸಾಮಾನ್ಯ ಮನೆಗೆ ಸಾಕು. ಹಗಲು ಬಂದು ಲೆನ್ಸಿಗೆ ಏನಾದರೂ ಬಳಿದು ಹೋಗುವವರ ಭಯವಿದ್ದರೆ, ಮುಚ್ಚಿದ್ದನ್ನು ಪತ್ತೆಹಚ್ಚುವ ಗ್ರೇಡ್ 3 ಬೇಕು. ಹುಸಿಕೂಗಿನ ಬೆಲೆ ಏನೆಂಬುದಕ್ಕೆ ಅಮೆರಿಕದ ಸಾಲ್ಟ್ ಲೇಕ್ ಸಿಟಿ ಸಾಕ್ಷಿ. ಯಾರಾದರೂ ಕಣ್ಣಾರೆ ಖಚಿತಪಡಿಸದ ಹೊರತು ಕಳ್ಳ ಅಲಾರಮ್ಮಿಗೆ ಪೊಲೀಸರು ಓಡಿಬರುವುದಿಲ್ಲ ಎಂಬ ನಿಯಮವನ್ನು ಆ ನಗರ 2000ದಲ್ಲಿ ತಂದಿತು. ಬ್ರಿಟನ್ನಿನಲ್ಲೂ ಎರಡು ಬೇರೆಬೇರೆ ಸೆನ್ಸರುಗಳು ಒಂದರ ಹಿಂದೊಂದು ಎಚ್ಚೆತ್ತರೆ ಅದಕ್ಕೆ ಹೆಚ್ಚಿನ ತೂಕ. ನಮ್ಮಲ್ಲಿ 112ಕ್ಕೆ ಕರೆ ಮಾಡುವುದು ಮನೆಯವರೋ ಪಕ್ಕದವರೋ. ಅವರೂ ಹಾಗೆಯೇ ನಂಬಿಕೆ ಕಳೆದುಕೊಳ್ಳಬಲ್ಲರು. ಬಾಗಿಲಿನ ಕಾಂಟ್ಯಾಕ್ಟ್, ಆಮೇಲೆ ಹಾಲ್, ಆಮೇಲೆ ಮೆಟ್ಟಿಲು ಎಂದು ಮೊಬೈಲಿಗೆ ಸಾಲಾಗಿ ಸಂದೇಶ ಬಂದರೆ, ಸಾವಿರ ಕಿಲೋಮೀಟರ್ ದೂರದಲ್ಲಿರುವ ಮಗಳಿಗೂ ಅನುಮಾನ ಉಳಿಯುವುದಿಲ್ಲ.

ಇಷ್ಟನ್ನೂ ತೂಗಿ ನೋಡಿದರೆ, 30–40 ಸೈಟಿನ ಎರಡಂತಸ್ತಿನ ಮನೆಗೆ ಮೂರು ಸೆನ್ಸರ್ ಸಾಕು: ತಾರಸಿಯಿಂದ ಇಳಿಯುವ ಮೆಟ್ಟಿಲ ಲ್ಯಾಂಡಿಂಗಿಗೆ ಸಾದಾ ಪಿಐಆರ್, ಹಾಲಿಗೆ ಬಾಗಿಲ ಪಕ್ಕದ ಮೂಲೆಯಿಂದ ಒಂದು ಡ್ಯುಯಲ್, ಬೀರು ಇರುವ ಕೋಣೆಗೆ ಇನ್ನೊಂದು ಪಿಐಆರ್. ಎಲ್ಲ ಹೊರಬಾಗಿಲಿಗೂ ಕಾಂಟ್ಯಾಕ್ಟ್. ವಾಕ್ ಟೆಸ್ಟನ್ನು ಏಪ್ರಿಲಿನ ಸಂಜೆಯೊಮ್ಮೆ, ಡಿಸೆಂಬರಿನ ನಸುಕಿನಲ್ಲೊಮ್ಮೆ ಮಾಡಬೇಕು. ಓಡುವುದಕ್ಕಿಂತ ಕಳ್ಳಹೆಜ್ಜೆಯಲ್ಲಿ ನಡೆದು ನೋಡಬೇಕು. ಹೊಸ ಬೀರು ಬಂದಾಗ, ಪರದೆ ಬದಲಾದಾಗ, ಪೇಂಟರುಗಳು ಕೆಲಸ ಮುಗಿಸಿ ಹೋದಾಗ ಮತ್ತೊಮ್ಮೆ ನೋಡಬೇಕು, ಏಕೆಂದರೆ ಸುಣ್ಣ ಬಣ್ಣ ಮೆತ್ತಿದ ಲೆನ್ಸಿಗೆ ಏನೂ ಕಾಣದು. ಇದೆಲ್ಲ ಆದ ಮೇಲೂ ದುಡ್ಡು ಉಳಿದಿದ್ದರೆ ನಾಲ್ಕನೆಯ ಸೆನ್ಸರಿಗೆ ಹಾಕಬೇಡಿ. ತಾರಸಿಯ ಬಾಗಿಲಿಗೆ ಗಟ್ಟಿ ಮರವನ್ನೂ ಒಳ್ಳೆಯ ಚಿಲಕವನ್ನೂ ಹಾಕಿಸಿ.